ಎಐ ಬಂದರೆ ಮೇಷ್ಟ್ರು ಬೇಡವೇ? ಮಕ್ಕಳ ಮೆದುಳು ಕೆಡುತ್ತದೆಯೇ? ಎರಡು ಫಾರ್ವರ್ಡ್‌ಗಳ ಅಸಲಿಯತ್ತು

ಈ ಎರಡು ಮೆಸೇಜ್‌ಗಳಲ್ಲಿ ಒಂದಾದರೂ ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಬಂದೇ ಇರುತ್ತದೆ.

ಮೊದಲನೆಯದು ಒಂದು ವಿಡಿಯೊ. ಸೀರೆ ಉಟ್ಟ ರೋಬೋ ಟೀಚರ್ ತರಗತಿಯಲ್ಲಿ ಓಡಾಡುತ್ತಾಳೆ, ಮಕ್ಕಳ ಪ್ರಶ್ನೆಗೆ ಉತ್ತರ ಕೊಡುತ್ತಾಳೆ. ಕೆಳಗೆ, ಇನ್ನು ಮುಂದೆ ಶಾಲೆಗೆ ಶಿಕ್ಷಕರೇ ಬೇಡ, ಟ್ಯೂಷನ್ನೂ ಬೇಡ ಎಂಬ ಅರ್ಥದ ಸಾಲು. ಎರಡನೆಯದು ಬಣ್ಣಬಣ್ಣದ ಮೆದುಳಿನ ಚಿತ್ರ. ಚಾಟ್‌ಜಿಪಿಟಿ ಬಳಸಿದರೆ ಮೆದುಳಿನ ಶಕ್ತಿ ಶೇ 47ರಷ್ಟು ಕುಸಿಯುತ್ತದೆ, ಅಮೆರಿಕದ ವಿಜ್ಞಾನಿಗಳೇ ಹೇಳಿದ್ದಾರೆ, ಮಕ್ಕಳಿಂದ ತಕ್ಷಣ ಫೋನ್ ಕಿತ್ತುಕೊಳ್ಳಿ ಎಂಬ ಎಚ್ಚರಿಕೆ. ತಮಾಷೆ ಎಂದರೆ ಕೆಲವು ಗ್ರೂಪ್‌ಗಳಲ್ಲಿ ಒಬ್ಬರೇ ಬೆಳಿಗ್ಗೆ ಮೊದಲನೆಯದನ್ನು, ಸಂಜೆ ಎರಡನೆಯದನ್ನು ಹಾಕಿರುತ್ತಾರೆ.

ಎರಡೂ ಪೂರ್ತಿ ಸುಳ್ಳಲ್ಲ. ಎರಡರ ಹಿಂದೆಯೂ ನಿಜವಾಗಿ ನಡೆದ ಸಂಗತಿ ಇದೆ. ಆದರೆ ಹರಿದಾಡುವಾಗ ಬಾಲ ಬೆಳೆದಿದೆ. ಆ ಬಾಲಕ್ಕೆ ಬೆಲೆ ತೆರುವವರು ಯಾರು ಎಂದು ನೋಡಬೇಕಾದರೆ ದಾಬಸ್‌ಪೇಟೆಯಂಥ ಊರಿಗೆ ಬರಬೇಕು. ತುಮಕೂರು ಹೆದ್ದಾರಿಯ ಪಕ್ಕ, ಸೋಂಪುರ ಕೈಗಾರಿಕಾ ಪ್ರದೇಶದ ಬಾಗಿಲಲ್ಲಿರುವ ಊರು. ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವ ಅಪ್ಪ ಅಮ್ಮನಿಗೆ ಮಗುವಿನ ಲೆಕ್ಕ ಹೇಳಿಕೊಡಲು ಸಮಯವೂ ಇಲ್ಲ, ಎಷ್ಟೋ ಸಲ ಧೈರ್ಯವೂ ಇಲ್ಲ. "ಎಐ ಟೀಚರ್ ನಿಮ್ಮ ಮನೆಯಲ್ಲೇ" ಎನ್ನುವ ಜಾಹೀರಾತು ಬಂದಾಗ ಕಂತಿನಲ್ಲಾದರೂ ಕೊಡಿಸೋಣ ಎನಿಸುವುದು ಇಂಥ ಮನೆಗಳಿಗೇ. ಇನ್ನೊಂದು ಮನೆಯಲ್ಲಿ ಮೆದುಳಿನ ಚಿತ್ರ ನೋಡಿ ಹೆದರಿ, ಮಗಳು ಫೋನ್‌ನಲ್ಲಿ ಏನು ಓದುತ್ತಿದ್ದಳು ಎಂದು ಕೇಳದೆಯೇ ಕಿತ್ತುಕೊಳ್ಳುತ್ತಾರೆ.

ಸೀರೆ ಉಟ್ಟ ರೋಬೋ

ಆ ವಿಡಿಯೊ ಕೇರಳದ್ದು. 2024ರ ಮಾರ್ಚ್‌ನಲ್ಲಿ ತಿರುವನಂತಪುರದ ಒಂದು ಶಾಲೆಯಲ್ಲಿ 'ಐರಿಸ್' ಎಂಬ ಹೆಸರಿನ ಈ ರೋಬೋವನ್ನು ಪರಿಚಯಿಸಿದರು. ಶಾಲೆಗಳಲ್ಲಿ ವಿಜ್ಞಾನದ ಪ್ರಯೋಗಗಳಿಗಾಗಿ ನೀತಿ ಆಯೋಗ ನಡೆಸುವ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ ತಯಾರಾದದ್ದು. ಚಕ್ರಗಳ ಮೇಲೆ ಚಲಿಸುತ್ತದೆ, ಕೇಳಿದ್ದಕ್ಕೆ ಕೆಲವು ಭಾಷೆಗಳಲ್ಲಿ ಉತ್ತರಿಸುತ್ತದೆ. ಸರಳವಾಗಿ ಹೇಳುವುದಾದರೆ ನಿಮ್ಮ ಫೋನ್‌ನಲ್ಲಿರುವ ಚಾಟ್‌ಬಾಟ್‌ಗೇ ಒಂದು ಗೊಂಬೆಯ ಮೈ, ಮೇಲೊಂದು ಸೀರೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹುಡುಗನಿಗೆ ಪಾಠ ಅರ್ಥವಾಗಿಲ್ಲವೋ ಅಥವಾ ಬೆಳಿಗ್ಗೆಯಿಂದ ಏನೂ ತಿಂದಿಲ್ಲವೋ ಎಂದು ಅದಕ್ಕೆ ತಿಳಿಯುವುದಿಲ್ಲ.

"ಇನ್ನು ಮೇಷ್ಟ್ರು ಬೇಡ" ಎಂಬ ಮಾತು ನಮ್ಮಲ್ಲಿ ಮೊದಲ ಸಲ ಕೇಳಿಬಂದದ್ದೂ ಅಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಅದರ ಮೂಲಕ ಪ್ರಾಥಮಿಕ ಶಾಲೆಗಳಿಗೆ ಪಾಠ ಮುಟ್ಟಿಸುವ ಪ್ರಯೋಗಕ್ಕೆ ಆರಿಸಿಕೊಂಡದ್ದು ನಮ್ಮ ಚಾಮರಾಜನಗರ ಜಿಲ್ಲೆಯನ್ನು. 2017ರಲ್ಲಿ ಕೇಂದ್ರದ ದೀಕ್ಷಾ ವೇದಿಕೆ ಬಂತು, ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಬಂತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಶುರುವಾದವು. ಪಾಠಗಳು ಚೆನ್ನಾಗಿಯೇ ಇದ್ದವು. ಆದರೂ ಅದೇ ವರ್ಷ ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಆರಂಭಿಸಬೇಕಾಯಿತು. ಮೇಷ್ಟ್ರುಗಳು ಅರಳಿಕಟ್ಟೆ, ದೇವಸ್ಥಾನದ ಜಗಲಿ, ಮರದ ನೆರಳು ಹುಡುಕಿಕೊಂಡು ಮಕ್ಕಳ ಬಳಿಗೇ ಹೋದರು. ಟಿವಿ ಪಾಠ ಹೇಳುತ್ತಿತ್ತು, ಆದರೆ ಮಗುವಿಗೆ ಎಲ್ಲಿ ತಪ್ಪಿತು ಎಂದು ಟಿವಿಗೆ ಕಾಣುತ್ತಿರಲಿಲ್ಲ. ಸೋಂಕು ತಗುಲಿದ್ದರಿಂದ ಅಕ್ಟೋಬರ್‌ನಲ್ಲಿ ವಿದ್ಯಾಗಮವನ್ನು ನಿಲ್ಲಿಸಿ, ಮುಂದಿನ ವರ್ಷ ಮತ್ತೆ ಆರಂಭಿಸಿದರು.

ಅದೇ ಹೊತ್ತಿಗೆ ಖಾಸಗಿ ಆ್ಯಪ್‌ಗಳ ಸುಗ್ಗಿ. ಬೆಂಗಳೂರಿನಲ್ಲೇ ಹುಟ್ಟಿದ ಬೈಜೂಸ್ 2022ರಲ್ಲಿ 2200 ಕೋಟಿ ಡಾಲರ್ ಬೆಲೆಬಾಳುವ ಕಂಪನಿ ಎನಿಸಿಕೊಂಡಿತ್ತು. ಎರಡೇ ವರ್ಷದಲ್ಲಿ, 2024ರ ಜುಲೈಯಲ್ಲಿ, ಕ್ರಿಕೆಟ್ ಮಂಡಳಿಗೆ ಕೊಡಬೇಕಿದ್ದ ಸುಮಾರು 158 ಕೋಟಿ ರೂಪಾಯಿ ಬಾಕಿಯ ಪ್ರಕರಣದಲ್ಲಿ ಅದರ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತು. ಕಂಪನಿ ಎಷ್ಟು ದೊಡ್ಡದು ಎಂಬುದಕ್ಕೂ ನಮ್ಮ ಮಗು ಎಷ್ಟು ಕಲಿಯಿತು ಎಂಬುದಕ್ಕೂ ಸಂಬಂಧವಿಲ್ಲ ಎಂಬುದು ಅಷ್ಟರಲ್ಲಿ ಹಲವು ಮನೆಗಳಿಗೆ ಗೊತ್ತಾಗಿತ್ತು.

ಶಿವಗಂಗೆ ಬೆಟ್ಟದ ಎತ್ತರ ಎಷ್ಟು?

ಹಾಗಾದರೆ ಈಗಿನ ಎಐಯಲ್ಲಿ ಹೊಸದೇನೂ ಇಲ್ಲವೇ? ಇದೆ. ಟಿವಿ ಒಂದೇ ದಿಕ್ಕಿನಲ್ಲಿ ಮಾತಾಡುತ್ತಿತ್ತು. 2022ರ ನವೆಂಬರ್ 30ರಂದು ಬಂದ ಚಾಟ್‌ಜಿಪಿಟಿ ಮತ್ತು ಅದರ ಹಿಂದೆಯೇ ಬಂದ ಜೆಮಿನಿ ಮೊದಲಾದವು ಕೇಳಿದ್ದಕ್ಕೆ ತಿರುಗಿ ಉತ್ತರಿಸುತ್ತವೆ. ಅರ್ಥವಾಗಲಿಲ್ಲ ಎಂದರೆ ಇನ್ನೊಂದು ರೀತಿ ಹೇಳುತ್ತವೆ, ಹತ್ತನೇ ಸಲ ಕೇಳಿದರೂ ಸಿಡುಕುವುದಿಲ್ಲ. ತರಗತಿಯಲ್ಲಿ ಕೈ ಎತ್ತಲು ನಾಚುವ ಮಗುವಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಅದು ಉತ್ತರ ಕೊಡುವ ರೀತಿ ಗೊತ್ತಿರಬೇಕು. ಅಪಾರ ಪ್ರಮಾಣದ ಬರಹಗಳನ್ನು ಓದಿಸಿ, ಒಂದು ಪದದ ನಂತರ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂದು ಊಹಿಸಲು ಅದನ್ನು ಪಳಗಿಸಿರುತ್ತಾರೆ. ನಿಜವನ್ನು ಒಂದು ಕಪಾಟಿನಲ್ಲಿ ಇಟ್ಟುಕೊಂಡು ತೆಗೆದು ಕೊಡುವ ಯಂತ್ರ ಅದಲ್ಲ. ಈಗಿನವು ಅಂತರ್ಜಾಲದಲ್ಲಿ ಹುಡುಕಿಯೂ ಹೇಳುತ್ತವೆ. ಆದರೆ ಅಂತರ್ಜಾಲದಲ್ಲೇ ತಪ್ಪಿದ್ದರೆ?

ದಾಬಸ್‌ಪೇಟೆಯ ಯಾರಾದರೂ ಇದನ್ನು ಪರೀಕ್ಷಿಸಬಹುದು. ಊರಿನಿಂದ ಕಣ್ಣೆತ್ತಿದರೆ ಕಾಣುವ ಶಿವಗಂಗೆ ಬೆಟ್ಟದ ಎತ್ತರ ಎಷ್ಟು ಎಂದು ಹುಡುಕಿ. 804.8 ಮೀಟರ್ ಎಂಬ ಅಂಕಿ ಹಲವು ಕಡೆ ಸಿಗುತ್ತದೆ. ದಶಮಾಂಶ ಬೇರೆ ಇದೆ, ನೋಡಿದರೆ ಅಳತೆ ಮಾಡಿ ಬರೆದಂತೆ ಕಾಣುತ್ತದೆ. ಈಗ ಸ್ವಲ್ಪ ಯೋಚಿಸಿ. ಬೆಂಗಳೂರು ನಗರವೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಶಿವಗಂಗೆಯ ತುದಿ 804.8 ಮೀಟರ್ ಆದರೆ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಸವಣ್ಣನ ಬಳಿ ನಿಂತವರು ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕಿಂತ ಕೆಳಗಿರಬೇಕಾಗುತ್ತದೆ! ಸಮುದ್ರಮಟ್ಟದಿಂದ ಅಳೆದ ಎತ್ತರವಾಗಿ ಆ ಅಂಕಿ ನಿಲ್ಲುವುದೇ ಇಲ್ಲ. ಆದರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅದು ನಕಲಾಗುತ್ತಲೇ ಇದೆ. ಇಂಥ ಬರಹ ಓದಿ ಕಲಿತ ಎಐ ಅದನ್ನೇ ಒಪ್ಪಿಸಿದರೆ ಆಶ್ಚರ್ಯವಿಲ್ಲ. ಬೆಟ್ಟ ಹತ್ತಿದ ಏಳನೇ ತರಗತಿ ಹುಡುಗಿಗೆ ಅನುಮಾನ ಬರಬಹುದು, ಯಂತ್ರಕ್ಕೆ ಬಾರದಿರಬಹುದು. ಅದರ ಕಾಲಿಗೆ ನೋವಾಗಿಲ್ಲ.

ಊರಿನ ಹೆಸರಿನಲ್ಲೂ ಇದೇ ತೊಡಕು. ಬ್ರಿಟಿಷರ ಕಾಲದ ಡಾಬ್ಸ್ ಎಂಬ ಅಧಿಕಾರಿಯ ಹೆಸರು ನಮ್ಮ ಬಾಯಲ್ಲಿ ಪಳಗಿ ದಾಬಸ್‌ಪೇಟೆ ಆಯಿತು. ಇಂಗ್ಲಿಷಿನಲ್ಲಿ ಅದನ್ನು ಬಸ್ಸಿನ ಬೋರ್ಡಿನಲ್ಲಿ ಒಂದು ರೀತಿ, ಹೆದ್ದಾರಿ ಫಲಕದಲ್ಲಿ ಇನ್ನೊಂದು ರೀತಿ ಬರೆದಿರುತ್ತಾರೆ. ಇಂಥ ಸಣ್ಣ ಊರಿನ ಬಗ್ಗೆ ಬರಹ ಕಡಿಮೆ, ಇದ್ದದ್ದರಲ್ಲೂ ಹೆಸರು ಬೇರೆ ಬೇರೆ. ಎಐ ತಡವರಿಸುವುದು ಇಂಥ ಕಡೆಗಳಲ್ಲಿ. ತಡವರಿಸಿದರೂ ಅದರ ಮಾತಿನ ಧಾಟಿ ಬದಲಾಗುವುದಿಲ್ಲ, ಗೊತ್ತಿದ್ದಾಗ ಎಷ್ಟು ಧೈರ್ಯವೋ ಗೊತ್ತಿಲ್ಲದಾಗಲೂ ಅಷ್ಟೇ ಧೈರ್ಯ.

ಕನ್ನಡದಲ್ಲಿ ಕೇಳಿದರೆ ತೊಡಕು ಇನ್ನಷ್ಟು. ಇಂಗ್ಲಿಷ್ ವಿಕಿಪೀಡಿಯದಲ್ಲಿ 70 ಲಕ್ಷ ದಾಟಿದ ಲೇಖನಗಳಿವೆ, ಕನ್ನಡದಲ್ಲಿ ಮೂವತ್ತು ಸಾವಿರ ಚಿಲ್ಲರೆ. ಎಐಗೆ ಸಿಗುವ ಕನ್ನಡದ ಊಟ ಅಷ್ಟು ತೆಳು. ಜೊತೆಗೆ, ಅದು ಪದಗಳನ್ನು ತುಂಡು ಮಾಡಿ ಓದುತ್ತದೆ. 'ಮನೆಗಳಲ್ಲಿಯೂ' ಎಂಬ ನಮ್ಮ ಒಂದು ಪದ ಇಂಗ್ಲಿಷಿನ ಪದಕ್ಕಿಂತ ಹೆಚ್ಚು ಚೂರುಗಳಾಗುತ್ತದೆ. ಲೆಕ್ಕದ ಪಾಠದಲ್ಲಿ ಇದರ ಪೆಟ್ಟು ಗೊತ್ತಾಗುತ್ತದೆ. ನಮ್ಮ ಪಠ್ಯಪುಸ್ತಕದಲ್ಲಿ ಅಪವರ್ತನ ಬೇರೆ, ಅಪವರ್ತ್ಯ ಬೇರೆ. 12ಕ್ಕೆ 3 ಅಪವರ್ತನ, 24 ಅಪವರ್ತ್ಯ. ಈ ಎರಡು ಪದ ಅದಲು ಬದಲಾದರೆ ಮ.ಸಾ.ಅ., ಲ.ಸಾ.ಅ. ಕಲಿಯುವ ಮಗುವಿನ ಗತಿ ಏನು? ಇಂಗ್ಲಿಷಿನಿಂದಲೋ ಹಿಂದಿಯಿಂದಲೋ ತಿರುಗಿಸಿದ ಪದ ಬಂದರೆ ಇನ್ನೂ ಗಲಿಬಿಲಿ. ಕೇಂದ್ರದ ಭಾಷಿಣಿ ಯೋಜನೆ, ಮದ್ರಾಸ್ ಐಐಟಿಯ ಎಐ4ಭಾರತ್, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ವಾಣಿ ಯೋಜನೆ ಇವೆಲ್ಲ ಭಾರತೀಯ ಭಾಷೆಗಳ ಮಾತು, ಬರಹ ಸಂಗ್ರಹಿಸಿ ಈ ಕೊರತೆ ತುಂಬಲು ಕೆಲಸ ಮಾಡುತ್ತಿವೆ. ವರ್ಷದಿಂದ ವರ್ಷಕ್ಕೆ ಸುಧಾರಣೆ ಕಾಣುತ್ತಿದೆ ಎನ್ನುವುದನ್ನೂ ಒಪ್ಪಲೇಬೇಕು.

ಮೆದುಳು ಶೇ 47 ಸತ್ತುಹೋಯಿತೇ?

ಈಗ ಎರಡನೇ ಫಾರ್ವರ್ಡ್. 2025ರ ಜೂನ್‌ನಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಒಂದು ಅಧ್ಯಯನವನ್ನು ಅಂತರ್ಜಾಲದಲ್ಲಿ ಹಾಕಿದರು. ಇತರ ವಿಜ್ಞಾನಿಗಳ ಪರಿಶೀಲನೆ ಆಗ ಇನ್ನೂ ಮುಗಿದಿರಲಿಲ್ಲ. ಭಾಗವಹಿಸಿದವರು 54 ಜನ, 18ರಿಂದ 39 ವರ್ಷದೊಳಗಿನ ವಯಸ್ಕರು. ಮಕ್ಕಳು ಅದರಲ್ಲಿ ಇರಲೇ ಇಲ್ಲ. ಒಂದು ಗುಂಪು ಚಾಟ್‌ಜಿಪಿಟಿ ಬಳಸಿ, ಇನ್ನೊಂದು ಗೂಗಲ್‌ನಲ್ಲಿ ಹುಡುಕಿ, ಮತ್ತೊಂದು ಏನನ್ನೂ ಬಳಸದೆ ಪ್ರಬಂಧ ಬರೆಯಿತು. ತಲೆಗೆ ಇಇಜಿ ಟೋಪಿ ಹಾಕಿ ಮೆದುಳಿನ ವಿದ್ಯುತ್ ಚಟುವಟಿಕೆ ಅಳೆದರು. ಚಾಟ್‌ಜಿಪಿಟಿ ಗುಂಪಿನಲ್ಲಿ ಮೆದುಳಿನ ಭಾಗಗಳ ನಡುವಿನ ಸಂಪರ್ಕ ಕಡಿಮೆ ಕಂಡಿತು. ತಾವೇ ಆಗಷ್ಟೇ ಕೊಟ್ಟ ಪ್ರಬಂಧದ ಒಂದು ಸಾಲನ್ನು ಸರಿಯಾಗಿ ಹೇಳಲು ಅವರಲ್ಲಿ ಹೆಚ್ಚಿನವರಿಗೆ ಆಗಲಿಲ್ಲ. ಕೊನೆಯ ಸುತ್ತಿಗೆ ಉಳಿದವರು 18 ಜನ ಮಾತ್ರ.

ಬರೆಯುವ ಕೆಲಸವನ್ನು ಯಂತ್ರಕ್ಕೆ ಬಿಟ್ಟಾಗ ಮೆದುಳು ಆ ಹೊತ್ತಿನಲ್ಲಿ ಕಡಿಮೆ ದುಡಿಯಿತು, ಅಷ್ಟೇ ಅದರ ಅರ್ಥ. ಲಿಫ್ಟ್‌ನಲ್ಲಿ ಹೋದರೆ ಕಾಲು ಕಡಿಮೆ ದುಡಿಯುತ್ತದೆ, ಕಾಲು ಸತ್ತುಹೋಗುವುದಿಲ್ಲ. ಶೇ 47 ಎಂಬುದು ಸಾಮಾಜಿಕ ಜಾಲತಾಣದ ಪೋಸ್ಟ್‌ಗಳಲ್ಲಿ 'ಕುಸಿತ' ಎಂಬ ಪದದ ಜೊತೆ ಹರಡಿತು. ಮೆದುಳು ಕೊಳೆಯುತ್ತದೆ, ಜನ ದಡ್ಡರಾಗುತ್ತಾರೆ ಎಂಬಂಥ ಪದ ಬಳಸಬೇಡಿ ಎಂದು ಆ ಸಂಶೋಧಕರೇ ಬಹಿರಂಗವಾಗಿ ಕೇಳಿಕೊಂಡರು. ಆ ಮನವಿ ಮಾತ್ರ ಯಾವ ಗ್ರೂಪ್‌ಗೂ ಫಾರ್ವರ್ಡ್ ಆಗಲಿಲ್ಲ.

ಪರೀಕ್ಷೆಗೆ ಬಂದಾಗ ಏನಾಯಿತು

ಮಕ್ಕಳ ಬಗ್ಗೆಯೇ ಕೇಳುವುದಾದರೆ ನಾವು ಹೆಚ್ಚು ಗಮನಿಸಬೇಕಾದ ಅಧ್ಯಯನ ಟರ್ಕಿಯದು. ಅಲ್ಲಿ ಪ್ರೌಢಶಾಲೆಯ ಸುಮಾರು 1000 ವಿದ್ಯಾರ್ಥಿಗಳನ್ನು ಗಣಿತದಲ್ಲಿ ಮೂರು ರೀತಿ ಅಭ್ಯಾಸ ಮಾಡಿಸಿದರು. ಕೆಲವರಿಗೆ ಪುಸ್ತಕ ಮತ್ತು ನೋಟ್ಸ್ ಮಾತ್ರ. ಕೆಲವರಿಗೆ ಚಾಟ್‌ಜಿಪಿಟಿಯಂತೆ ಕೇಳಿದ್ದೆಲ್ಲ ಹೇಳುವ ಎಐ. ಇನ್ನು ಕೆಲವರಿಗೆ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಎಐ, ಅದಕ್ಕೆ ಬೇಕಾದ ಸುಳಿವುಗಳನ್ನು ಶಿಕ್ಷಕರು ಮೊದಲೇ ಸಿದ್ಧಪಡಿಸಿದ್ದರು.

ಅಭ್ಯಾಸದ ಹೊತ್ತಿನಲ್ಲಿ ಎಐ ಇದ್ದವರದೇ ಮೇಲುಗೈ. ಕೇಳಿದ್ದೆಲ್ಲ ಹೇಳುವ ಎಐ ಇದ್ದವರು ಶೇ 48ರಷ್ಟು, ಸುಳಿವಿನ ಎಐ ಇದ್ದವರು ಶೇ 127ರಷ್ಟು ಹೆಚ್ಚು ಅಂಕ ಗಳಿಸಿದರು. ಆಮೇಲೆ ಎಐ ತೆಗೆದಿಟ್ಟು ಪರೀಕ್ಷೆ ಕೊಟ್ಟರು. ಕೇಳಿದ್ದೆಲ್ಲ ಹೇಳುವ ಎಐ ಬಳಸಿದ್ದ ಮಕ್ಕಳು ಬರೀ ಪುಸ್ತಕ ಓದಿದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಸುಳಿವಿನ ಎಐ ಬಳಸಿದವರು ಪುಸ್ತಕದವರಿಗೆ ಹೆಚ್ಚುಕಡಿಮೆ ಸಮ. ಎಲ್ಲಕ್ಕಿಂತ ಕಳವಳದ ಮಾತು ಇದು: ಹಿಂದೆ ಬಿದ್ದ ಮಕ್ಕಳಿಗೆ ತಾವು ಕಡಿಮೆ ಕಲಿತಿದ್ದೇವೆ ಎಂದು ಅನಿಸಿರಲೇ ಇಲ್ಲ. ಆ ಪ್ರಯೋಗದಲ್ಲಿ ಎಐ ಕೊಟ್ಟ ಉತ್ತರಗಳಲ್ಲಿ ಸರಿಯಾದವು ಸುಮಾರು ಅರ್ಧ ಮಾತ್ರ. ಈಗಿನ ಎಐ ಲೆಕ್ಕದಲ್ಲಿ ಆಗಿನದಕ್ಕಿಂತ ಚುರುಕು. ಆದರೆ ಉತ್ತರ ಸರಿಯೇ ಇದ್ದರೂ ಅದನ್ನು ನೋಡಿ ಬರೆದುಕೊಂಡ ಮಗು ಲೆಕ್ಕ ಬಿಡಿಸಿದಂತೆ ಆಗುವುದಿಲ್ಲ.

ಇದನ್ನು ನಮ್ಮ ಎಸ್‌ಎಸ್‌ಎಲ್‌ಸಿ ಪಕ್ಕ ಇಟ್ಟು ನೋಡಿ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಆ ಇಳಿಕೆಗೆ ಎಐ ಕಾರಣ ಅಲ್ಲ, ಅದನ್ನು ಹಾಗೆ ಫಾರ್ವರ್ಡ್ ಮಾಡಬೇಡಿ. ಕೈಗೆ ಏನೂ ಸಿಗದ ಕೋಣೆಯಲ್ಲಿ ತಲೆಯಲ್ಲಿ ಇರುವುದು ಮಾತ್ರ ಉಳಿಯುತ್ತದೆ ಎಂಬುದನ್ನು ಅದು ತೋರಿಸಿತು. ವರ್ಷವಿಡೀ ಹೋಮ್‌ವರ್ಕ್ ಎಐ ಮಾಡಿಕೊಟ್ಟಿದ್ದರೆ ಮಾರ್ಚ್ ತಿಂಗಳಲ್ಲಿ ಆ ಕೋಣೆಗೆ ಹೋಗುವವರು ಯಾರು?

ಹಾಗೆಂದು ತಂತ್ರಜ್ಞಾನ ಕೆಲಸಕ್ಕೆ ಬಾರದು ಎನ್ನಲೂ ಆಗದು. 2015ರಲ್ಲಿ ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶದ ಮೇಲೆ ನಡೆದ ಅಧ್ಯಯನ ಬಹಳ ಹೆಸರುವಾಸಿ. 619 ಮಕ್ಕಳಲ್ಲಿ ಯಾರಿಗೆ ಸಿಗಬೇಕು ಎಂದು ಲಾಟರಿ ಎತ್ತಿ ಆರಿಸಿದರು. ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ತಂತ್ರಾಂಶ ಪ್ರತಿ ಮಗು ಎಲ್ಲಿದೆಯೋ ಅಲ್ಲಿಂದ ಶುರುಮಾಡಿತು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ದೊಡ್ಡ ಸುಧಾರಣೆ ಕಂಡಿತು. ಆದರೆ ಅಲ್ಲಿ ಮಕ್ಕಳು ದಿನಕ್ಕೆ 90 ನಿಮಿಷ ಕೇಂದ್ರಕ್ಕೆ ಬರುತ್ತಿದ್ದರು. ಅರ್ಧ ಹೊತ್ತು ಕಂಪ್ಯೂಟರ್, ಇನ್ನರ್ಧ ಹೊತ್ತು ಒಬ್ಬ ಮನುಷ್ಯನ ಬಳಿ ಸಣ್ಣ ಗುಂಪಿನಲ್ಲಿ ಪಾಠ. ಆ್ಯಪ್ ಮಾರುವವರು ಈ ಎರಡನೇ ಅರ್ಧವನ್ನು ಹೇಳುವುದು ಕಡಿಮೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ನಡೆದದ್ದು

ರೋಬೋ ವಿಡಿಯೊದಷ್ಟು ಸದ್ದು ಮಾಡದ ಒಂದು ಕೆಲಸ ಕರ್ನಾಟಕದಲ್ಲೇ ನಡೆದಿದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ಸೇರಿ 'ಶಿಕ್ಷಾ ಕೋಪೈಲಟ್' ಎಂಬ ಎಐ ಸಾಧನ ಮಾಡಿದವು. ಮೊದಲು ಬೆಂಗಳೂರು ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗ ನಡೆಯಿತು, ಆಮೇಲೆ ಹಬ್ಬಿತು. ಇದು ಮಕ್ಕಳ ಕೈಗೆ ಕೊಡುವ ಆ್ಯಪ್ ಅಲ್ಲ, ಶಿಕ್ಷಕರಿಗೆ. ಪಾಠಯೋಜನೆ ಬರೆಯುವುದು ಎಷ್ಟು ತಲೆನೋವಿನ ಕೆಲಸ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಮೇಷ್ಟ್ರಿದ್ದರೆ ಕೇಳಿ. ಎಐ ಮತ್ತು ಅನುಭವಿ ಪರಿಶೀಲಕರು ಸೇರಿ ಕನ್ನಡ, ಇಂಗ್ಲಿಷಿನಲ್ಲಿ ಪಾಠಯೋಜನೆ ಸಿದ್ಧಮಾಡುತ್ತಾರೆ. ಶಿಕ್ಷಕರು ಅದನ್ನು ತಮ್ಮ ತರಗತಿಗೆ ಬೇಕಾದಂತೆ ತಿದ್ದಿಕೊಳ್ಳುತ್ತಾರೆ.

1,043 ಶಿಕ್ಷಕರು ಮತ್ತು 23 ಪರಿಶೀಲಕರನ್ನು ಒಳಗೊಂಡು ಇದರ ಅಧ್ಯಯನವೂ ಆಗಿದೆ. ತಯಾರಿಯ ಸಮಯ ಉಳಿಯಿತು, ಒತ್ತಡ ಇಳಿಯಿತು, ಚಟುವಟಿಕೆ ಮಾಡಿಸಿ ಕಲಿಸುವುದು ಹೆಚ್ಚಿತು ಎಂಬುದು ಒಂದು ಕಡೆ. ಶಿಕ್ಷಕರ ಕೊರತೆ ಮತ್ತು ದಾಖಲೆ ಬರೆಯುವ ಹೊರೆ ಇರುವ ತನಕ ದೊಡ್ಡ ಬದಲಾವಣೆ ಕಷ್ಟ ಎಂಬುದು ಇನ್ನೊಂದು ಕಡೆ. ಒಬ್ಬರೇ ಎರಡು ಮೂರು ತರಗತಿ ಒಟ್ಟಿಗೆ ನೋಡಿಕೊಳ್ಳುವ ಶಾಲೆಯಲ್ಲಿ ಒಳ್ಳೆಯ ಪಾಠಯೋಜನೆ ಇದ್ದರೂ ಪಾಠ ಮಾಡಲು ಇನ್ನೊಬ್ಬರು ಬೇಕೇ ಬೇಕು. ಎಐ ಬಂದರೆ ಮೇಷ್ಟ್ರು ಬೇಡ ಎನ್ನುವವರಿಗೆ ನಮ್ಮ ರಾಜ್ಯದ ಶಾಲೆಗಳೇ ಕೊಟ್ಟ ಉತ್ತರ ಇದು. ನನ್ನನ್ನು ಕೇಳಿದರೆ ಸೀರೆ ಉಟ್ಟ ರೋಬೋಗಿಂತ ಈ ಸಪ್ಪೆ ಸಾಧನವೇ ಹೆಚ್ಚು ಉಪಯೋಗದ್ದು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. 2026–27ರಿಂದ ಮೂರನೇ ತರಗತಿಯಿಂದಲೇ ಎಐ ಪಠ್ಯ ತರುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಅದು ಎಐ ಎಂದರೇನು ಎಂದು ಕಲಿಸುವ ವಿಷಯ. ಎಐಯಿಂದ ಗಣಿತ, ವಿಜ್ಞಾನ ಕಲಿಯುವುದು ಬೇರೆ ಮಾತು. ಈ ಸುದ್ದಿ ತೋರಿಸಿ ಪುಟ್ಟ ಮಕ್ಕಳಿಗೆ 'ಎಐ ಕೋಚಿಂಗ್' ಸೇರಿಸಿ ಎಂದು ಯಾರಾದರೂ ಬಂದರೆ ಹಣ ಕೊಡುವ ಆತುರ ಬೇಡ.

ಮನೆಯಲ್ಲಿ ಏನು ಮಾಡಬಹುದು

ಚಾಟ್‌ಜಿಪಿಟಿಯ ನಿಯಮದ ಪ್ರಕಾರ 13 ವರ್ಷದ ಒಳಗಿನವರು ಅದನ್ನು ಬಳಸುವಂತಿಲ್ಲ, 18ರ ತನಕ ಪೋಷಕರ ಒಪ್ಪಿಗೆ ಬೇಕು. ಹಾಗಾಗಿ ಚಿಕ್ಕ ಮಕ್ಕಳಿದ್ದರೆ ದೊಡ್ಡವರು ಪಕ್ಕದಲ್ಲಿ ಕೂತು, ದೊಡ್ಡವರೇ ಕೇಳಬೇಕು.

ಕೇಳುವ ರೀತಿಯಲ್ಲೇ ಅರ್ಧ ವ್ಯತ್ಯಾಸ ಇದೆ. "ಈ ಲೆಕ್ಕ ಮಾಡಿಕೊಡು" ಎಂದರೆ ಮಾಡಿಕೊಡುತ್ತದೆ, ಟರ್ಕಿಯ ಕಥೆ ಮನೆಯಲ್ಲೇ ನಡೆಯುತ್ತದೆ. ಬದಲಿಗೆ ಹೀಗೆ ಕೇಳಿ: "ನಾನು ಕರ್ನಾಟಕ ರಾಜ್ಯ ಪಠ್ಯಕ್ರಮದ ಎಂಟನೇ ತರಗತಿ. ಉತ್ತರ ಹೇಳಬೇಡ. ಒಂದೊಂದೇ ಸುಳಿವು ಕೊಡು. ನಾನು ಮಾಡಿದ ಹಂತದಲ್ಲಿ ತಪ್ಪಿದ್ದರೆ ಎಲ್ಲಿ ಎಂದು ಮಾತ್ರ ತೋರಿಸು." 2025ರ ಜುಲೈಯಿಂದ ಚಾಟ್‌ಜಿಪಿಟಿಯಲ್ಲೇ 'ಸ್ಟಡಿ ಮೋಡ್' ಇದೆ, ಜೆಮಿನಿಯಲ್ಲೂ ಅಂಥದ್ದೇ ಒಂದು ಇದೆ. ಎರಡೂ ಉತ್ತರ ಸುರಿಯದೆ ಪ್ರಶ್ನೆ ಕೇಳುತ್ತಾ ಹೋಗುತ್ತವೆ. ಆದರೆ ಅದನ್ನು ಆಫ್ ಮಾಡಲು ಮಗುವಿಗೆ ಒಂದು ಬೆರಳು ಸಾಕು ಎಂಬುದೂ ನೆನಪಿರಲಿ.

ಮುಗಿದ ಮೇಲೆ ಫೋನ್ ಬದಿಗಿಟ್ಟು, ಅದೇ ರೀತಿಯ ಇನ್ನೊಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿಸಿ. ನಿಮಗೆ ಲೆಕ್ಕ ಬಾರದಿದ್ದರೂ ಪರವಾಗಿಲ್ಲ, "ಹೇಗೆ ಮಾಡಿದೆ, ನನಗೆ ಹೇಳು" ಎಂದು ಕೇಳಿದರೆ ಸಾಕು. ಅರ್ಥವಾಗಿದ್ದರೆ ಹೇಳುತ್ತಾರೆ, ನೋಡಿ ಬರೆದಿದ್ದರೆ ತೊದಲುತ್ತಾರೆ. ಎಐ ಬಳಸಿದ ಪದ ಪಠ್ಯಪುಸ್ತಕದ ಪದಕ್ಕೆ ಹೊಂದದಿದ್ದರೆ ಪುಸ್ತಕದ್ದನ್ನೇ ಹಿಡಿಯಿರಿ, ಮರುದಿನ ಮೇಷ್ಟ್ರನ್ನು ಕೇಳಲು ಹೇಳಿ.

ಮಗುವಿನ ಫೋಟೊ, ಶಾಲೆಯ ಹೆಸರು, ಆಧಾರ್, ಅಂಕಪಟ್ಟಿ ಇವನ್ನು ಯಾವ ಚಾಟ್‌ಬಾಟ್‌ಗೂ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳು. ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು, ಅವರ ಚಟುವಟಿಕೆಯ ಬೆನ್ನುಹತ್ತಿ ಜಾಹೀರಾತು ತೋರಿಸುವಂತಿಲ್ಲ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಯಾಗುತ್ತಿವೆ.

ಹಣ ಕೊಟ್ಟು ಆ್ಯಪ್ ಅಥವಾ ಟ್ಯಾಬ್ ಕೊಳ್ಳುವ ಯೋಚನೆ ಇದ್ದರೆ, ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಪೋಷಕರಿಗೆ ಕೊಟ್ಟ ಎಚ್ಚರಿಕೆ ಈಗಲೂ ಉಪಯೋಗಕ್ಕೆ ಬರುತ್ತದೆ. ಉಚಿತ ಎಂದದ್ದನ್ನು ಕುರುಡಾಗಿ ನಂಬಬಾರದು. ಬ್ಯಾಂಕ್ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ವ್ಯವಸ್ಥೆಗೆ ಒಪ್ಪಬಾರದು. ಬಿಲ್ ಪಡೆಯಬೇಕು. ಇದಕ್ಕೆ ನಾನು ಸೇರಿಸುವುದು ಒಂದೇ: ಮನೆಗೆ ಬಂದವರು 'ಕಂತು' ಎಂದು ಹೇಳಿ ಸಹಿ ಹಾಕಿಸಿಕೊಳ್ಳುವ ಕಾಗದ ಕೆಲವೊಮ್ಮೆ ಸಾಲದ ಅರ್ಜಿ ಆಗಿರುತ್ತದೆ. ಆಗ ಆ್ಯಪ್ ಬಿಟ್ಟರೂ ಸಾಲ ಬಿಡುವುದಿಲ್ಲ. ಸಹಿಗೆ ಮೊದಲು ಒಂದು ದಿನ ಸಮಯ ಕೇಳಿ, ಓದಲು ಬಲ್ಲವರಿಗೆ ಕಾಗದ ತೋರಿಸಿ. ಈಗಾಗಲೇ ಸಿಕ್ಕಿಬಿದ್ದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಓಟಿಪಿ ಹೇಳಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.